ಮೊದಲು ಹೊಂಡ ನೋಡಿ, ಬತೇರಿ ಆಮೇಲೆ

ಹೋದ ಸಂಚಿಕೆಯಲ್ಲಿ ‘ಚಿತ್ರದುರ್ಗದ ಕೋಟೆ ನೋಡಲು ಹೋಗುವವರು ಏನಾದರೂ ಕೇಳುವುದಿದ್ದರೆ ಬರೆಯಿರಿ’ ಅಂತ ಒಂದೇ ಒಂದು ಸಾಲು ಹಾಕಿದ್ದೆವು. ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅರ್ಧಕ್ಕರ್ಧ ಜನ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಥರ ಕೇಳಿದ್ದಾರೆ: ಓಬವ್ವನ ಕಿಂಡಿ ಬಿಟ್ಟರೆ ಅಲ್ಲಿ ಇನ್ನೇನಿದೆ? ನಾನು ದುರ್ಗದವನು. ತಾರಸಿಗೆ ಬಟ್ಟೆ ಒಣಹಾಕಲು ಹೋದರೂ ಕೋಟೆ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಓದಿದ ತಕ್ಷಣ ಸ್ವಲ್ಪ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಆಮೇಲೆ ಯೋಚಿಸಿದರೆ ತಪ್ಪು ನಮ್ಮದೇ. ಬಂದ ನೆಂಟರಿಗೆ ನಾವೇ ಕಿಂಡಿ ತೋರಿಸಿ, ಒಂದು ಫೋಟೋ ತೆಗೆಸಿ, ಇಳಿಸಿಕೊಂಡು ಬಂದು ಊಟಕ್ಕೆ ಕೂರಿಸುತ್ತೇವೆ.

ಪ್ರಶ್ನೆ: ನಾವು ದಾವಣಗೆರೆಯವರು. ಒಂದು ಭಾನುವಾರ ಇಬ್ಬರು ಮಕ್ಕಳನ್ನು ಕರೆದುಕೊಂಡು ಬರಬೇಕು ಅಂತಿದ್ದೇವೆ. ಜೊತೆಗೆ ಮಂಡಿನೋವಿನ ಅತ್ತೆಯೂ ಬರುತ್ತೇನೆ ಅಂತ ಹಠ ಹಿಡಿದಿದ್ದಾರೆ. ಅರ್ಧ ದಿನ ಸಾಕಾ? (ಗೃಹಿಣಿ, ದಾವಣಗೆರೆ)

ಉತ್ತರ: ಸಾಕಾಗಲ್ಲ, ಆದರೂ ಬನ್ನಿ. ಅತ್ತೆಯನ್ನಂತೂ ಬಿಟ್ಟು ಬರಬೇಡಿ. ದಾವಣಗೆರೆಯಿಂದ ಹೆಚ್ಚು ಕಡಿಮೆ 60 ಕಿಲೋಮೀಟರ್, ಹೆದ್ದಾರಿ ಚೆನ್ನಾಗಿದೆ. ತಪ್ಪು ನಡೆಯುವುದು ಹೊರಡುವ ಹೊತ್ತಿನಲ್ಲಿ. ಬೆಣ್ಣೆ ದೋಸೆ ತಿಂದು, ಕಾಫಿ ಕುಡಿದು, ಹತ್ತು ಗಂಟೆಗೆ ಹೊರಟು ಹನ್ನೊಂದೂವರೆಗೆ ಕೋಟೆ ಬಾಗಿಲಿಗೆ ಬರುತ್ತೀರಿ. ಅಷ್ಟೊತ್ತಿಗೆ ಬಂಡೆ ಕಾದ ಹೆಂಚಾಗಿರುತ್ತದೆ. ಮಕ್ಕಳು ಎರಡನೇ ಬಾಗಿಲಿನಲ್ಲೇ ಐಸ್‌ಕ್ರೀಮ್ ಕೇಳುತ್ತಾರೆ, ಅತ್ತೆ ಮೂರನೇ ಬಾಗಿಲಿನಲ್ಲಿ ಕೂತುಬಿಡುತ್ತಾರೆ, ಕೊನೆಗೆ ‘ಏನಿದೆ ಮಣ್ಣು’ ಅಂತ ಬೈದುಕೊಂಡು ವಾಪಸ್ಸು. ಅದರ ಬದಲು ಕತ್ತಲಿರುವಾಗಲೇ ಹೊರಡಿ. ಬೆಳಗಿನ ವಾಕಿಂಗ್‌ಗೆ ಬರುವ ನಮ್ಮೂರಿನವರ ಜೊತೆಯಲ್ಲೇ ಒಳಗೆ ಹೋಗಿ. ದೋಸೆ ವಾಪಸ್ಸು ಬಂದಮೇಲೂ ಇರುತ್ತದೆ.

ಅತ್ತೆಗೆ ಅಂತ ಹೇಳುವುದಾದರೆ, ಶುರುವಿನ ಬಾಗಿಲುಗಳ ತನಕ ಕಲ್ಲು ಹಾಸಿದ ಏರುದಾರಿ, ಕೈ ಹಿಡಿದು ನಿಧಾನಕ್ಕೆ ನಡೆಸಬಹುದು. ಎಣ್ಣೆ ಕೊಳ, ಮದ್ದು ಬೀಸುವ ಕಲ್ಲು ನೋಡಲು ದೊಡ್ಡ ಹತ್ತುವಿಕೆ ಬೇಕಿಲ್ಲ. ದೊಡ್ಡದೊಂದು ಗುಂಡಿಯೊಳಗೆ ನಾಲ್ಕು ಬೀಸುವ ಕಲ್ಲುಗಳಿವೆ, ಮನೆಯ ಬೀಸುವ ಕಲ್ಲನ್ನು ಯಾರೋ ರಾಕ್ಷಸರು ಮಾಡಿಸಿಕೊಂಡ ಹಾಗೆ. ಫಿರಂಗಿಗೆ, ಕೋವಿಗೆ ಬೇಕಾದ ಮದ್ದು ಅರೆಯುತ್ತಿದ್ದದ್ದು ಅಲ್ಲಿ. ನಿಮ್ಮ ಅತ್ತೆ ಜೋಳ ಬೀಸಿದ ಕಾಲದವರಾದರೆ ಅವರಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ, ಮಕ್ಕಳಿಗೆ ಅವರೇ ವಿವರಿಸುತ್ತಾರೆ. ಏಕನಾಥೇಶ್ವರಿ ಗುಡಿಗೆ ಮೆಟ್ಟಿಲಿವೆ, ಮಂಡಿ ಒಪ್ಪಿದರೆ ಮಾತ್ರ. ತುಪ್ಪದ ಕೊಳದ ಬತೇರಿಗಂತೂ (ಬತೇರಿ ಅಂದರೆ ಎತ್ತರದ ಕಾವಲು ಬುರುಜು) ಬೇಡವೇ ಬೇಡ. ಅಲ್ಲಿರುವುದು ಕಡಿದಾದ ಬಂಡೆ, ಅದರಲ್ಲಿ ಪಾದ ಇಡಲು ಕೊರೆದ ಗುಳಿಗಳು. ಹತ್ತುವಾಗ ಹುಮ್ಮಸ್ಸು ಇರುತ್ತದೆ, ಇಳಿಯುವಾಗ ದೇವರ ನೆನಪಾಗುತ್ತದೆ. ಮಕ್ಕಳನ್ನೂ ಮಳೆ ಬಂದ ದಿನ ಹತ್ತಿಸಬೇಡಿ.

ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ನೀರು ನಿಮಗೆ ಜಾಸ್ತಿ ಅನ್ನಿಸುವಷ್ಟು ತನ್ನಿ.

ಪ್ರಶ್ನೆ: ಕೋಟೆಯ ದಾರಿ ಯಾಕೆ ನೇರವಾಗಿಲ್ಲ? ಒಂದು ಬಾಗಿಲು ದಾಟಿದ ತಕ್ಷಣ ಗೋಡೆ, ತಿರುಗಿದರೆ ಇನ್ನೊಂದು ಬಾಗಿಲು. ಕಟ್ಟಿದವರಿಗೆ ಪ್ಲಾನ್ ಇರಲಿಲ್ವಾ? (ಡಿಪ್ಲೊಮಾ ವಿದ್ಯಾರ್ಥಿ, ಹಿರಿಯೂರು)

ಉತ್ತರ: ತಮ್ಮಾ, ಆ ತಿರುವೇ ಪ್ಲಾನು. ಮರದ ಬಾಗಿಲು ಒಡೆಯಲು ಆನೆ ನುಗ್ಗಿಸುತ್ತಿದ್ದ ಕಾಲ ಅದು, ಇಲ್ಲವೇ ದಪ್ಪ ದಿಮ್ಮಿ ಹಿಡಿದು ಹತ್ತಾರು ಜನ ಓಡಿ ಬಂದು ಗುದ್ದುತ್ತಿದ್ದರು. ಎರಡಕ್ಕೂ ವೇಗ ಬೇಕು, ವೇಗಕ್ಕೆ ನೇರ ದಾರಿ ಬೇಕು. ಬಾಗಿಲಿನ ಮುಂದೆಯೇ ದಾರಿ ಮುರಿದುಬಿಟ್ಟರೆ ಆನೆಯೂ ತಿರುಗಬೇಕು, ದಿಮ್ಮಿಯಂತೂ ತಿರುಗುವುದೇ ಇಲ್ಲ. ಅಷ್ಟರಲ್ಲಿ ಮೇಲೆ ನಿಂತವರು ಸುಮ್ನೆ ಇರುತ್ತಾರಾ? ನೀನು ನಡೆಯುವಾಗ ಒಂದು ಕೆಲಸ ಮಾಡು. ಪ್ರತಿ ತಿರುವಿನಲ್ಲೂ ನಿಂತು ತಲೆ ಎತ್ತಿ ನೋಡು. ಎಲ್ಲಿ ನಿಂತರೂ ಮೂರು ಕಡೆ ಗೋಡೆ ನಿನ್ನನ್ನೇ ನೋಡುತ್ತಿರುತ್ತದೆ. ಬಾಗಿಲುವಾಡದ ಒಳಮೈಯಲ್ಲಿ ಅಗುಳಿ ತೂರಿಸುತ್ತಿದ್ದ ತೂತುಗಳನ್ನೂ ನೋಡು, ಕೈ ಇಟ್ಟರೆ ಅಗುಳಿ ಎಷ್ಟು ದಪ್ಪ ಇತ್ತು ಅಂತ ಗೊತ್ತಾಗುತ್ತದೆ.

ಇನ್ನೊಂದು ಮಾತು. ಈ ಕೋಟೆಯಲ್ಲಿ ಮನುಷ್ಯ ಕಟ್ಟಿದ ಗೋಡೆ ಎಷ್ಟಿದೆಯೋ, ಹುಟ್ಟು ಬಂಡೆಯನ್ನೇ ಗೋಡೆ ಮಾಡಿಕೊಂಡ ಜಾಗವೂ ಅಷ್ಟೇ ಇದೆ. ಎರಡು ಬಂಡೆ ನಡುವೆ ಸಂದಿ ಇದ್ದಲ್ಲಿ ಮಾತ್ರ ಕಲ್ಲು ಜೋಡಿಸಿದ್ದಾರೆ. ಆ ಕಲ್ಲು ಎಲ್ಲಿಂದ ಬಂತು ಅಂತ ಕೇಳಬೇಡ, ಅಲ್ಲೇ ಪಕ್ಕದ ಬಂಡೆ ನೋಡು. ಸಾಲಾಗಿ ಚಿಕ್ಕ ಚಿಕ್ಕ ಗುಳಿಗಳು ಕಾಣುತ್ತವೆ. ಗುಳಿಯಲ್ಲಿ ಬೆಣೆ ಹೊಡೆದು ಬಂಡೆ ಸೀಳಿದ ಗುರುತು ಅದು. ಕೆಲವು ಕಡೆ ಗುಳಿ ತೋಡಿ ಸೀಳದೇ ಬಿಟ್ಟಿದ್ದಾರೆ. ಅದನ್ನು ನೋಡಿದಾಗೆಲ್ಲ ನನಗೆ ಊಟಕ್ಕೆ ಅಂತ ಎದ್ದು ಹೋದ ಕಲ್ಲುಕುಟಿಗನ ನೆನಪಾಗುತ್ತದೆ.

ಪ್ರಶ್ನೆ: ನಿವೃತ್ತ ಬ್ಯಾಂಕ್ ನೌಕರ. ರಾಜಸ್ಥಾನದ ಕೋಟೆಗಳನ್ನೆಲ್ಲ ನೋಡಿ ಬಂದಿದ್ದೇನೆ. ಎಂಥ ಅರಮನೆ, ಎಂಥ ಕನ್ನಡಿ ಕೆಲಸ! ಚಿತ್ರದುರ್ಗಕ್ಕೆ ಮೂರು ಸಲ ಬಂದೆ. ಕಲ್ಲು, ಕಲ್ಲು, ಮತ್ತೆ ಕಲ್ಲು. ಬೇಜಾರು ಮಾಡಿಕೊಳ್ಳಬೇಡಿ, ನೋಡುವಂಥದ್ದು ಏನಿದೆ ಹೇಳಿ. (ಬೆಂಗಳೂರು)

ಉತ್ತರ: ಬೇಜಾರಿಲ್ಲ ಸಾರ್, ಮೂರು ಸಲ ಬಂದಿರಲ್ಲ, ಅದೇ ದೊಡ್ಡದು. ಆದರೆ ಮೂರು ಸಲವೂ ನೀವು ಮೇಲೆ ನೋಡಿಕೊಂಡೇ ನಡೆದಿರಿ ಅನ್ನಿಸುತ್ತದೆ. ನಾಲ್ಕನೇ ಸಲ ಕೆಳಗೆ ನೋಡಿ.

ನಮ್ಮದು ಮಳೆ ಕಡಿಮೆಯ ಸೀಮೆ. ಹತ್ತಿರದಲ್ಲಿ ದೊಡ್ಡ ನದಿ ಇಲ್ಲ. ಅಂಥ ಕಡೆ ಬೋಳು ಬಂಡೆಗಳ ಗುಡ್ಡದ ಮೇಲೆ ರಾಜನ ಮನೆ, ಸೈನ್ಯ, ಕುದುರೆ, ಆನೆ, ಮಠ, ಗುಡಿ, ಇಷ್ಟೆಲ್ಲ ಇತ್ತು. ನೀರು ಎಲ್ಲಿಂದ? ಶತ್ರು ಕೆಳಗೆ ತಿಂಗಳುಗಟ್ಟಲೆ ಡೇರೆ ಹೊಡೆದು ಕೂತರೆ ಕೆಳಗಿನ ಬಾವಿಗೆ ಬರುವ ಹಾಗಿಲ್ಲ. ಗೋಡೆ ಎಷ್ಟೇ ಎತ್ತರ ಇರಲಿ, ಬಾಯಾರಿದ ಕೋಟೆ ಒಂದು ವಾರಕ್ಕೆ ಬಾಗಿಲು ತೆಗೆಯುತ್ತದೆ. ಅದಕ್ಕೇ ಇಲ್ಲಿನವರು ಬೋಳು ಬಂಡೆಯನ್ನೇ ಉಪಾಯಕ್ಕೆ ಬಳಸಿಕೊಂಡರು. ಬಂಡೆ ನೀರು ಕುಡಿಯುವುದಿಲ್ಲ ಅಲ್ವಾ, ಬಿದ್ದ ಮಳೆ ಬಿದ್ದ ಹಾಗೇ ಹರಿದು ಬರುತ್ತದೆ. ಬಂಡೆಗಳ ನಡುವಿನ ತಗ್ಗಿಗೆ ಅಡ್ಡ ಕಟ್ಟಿದರೆ ಹೊಂಡ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ. ಅಲ್ಲಿಂದ ಹೆಚ್ಚಾದದ್ದು ಕೆಳಗೆ ಊರಿನ ಸಿಹಿನೀರು ಹೊಂಡಕ್ಕೆ, ಕೊನೆಗೆ ಸಂತೆಹೊಂಡಕ್ಕೆ. ಹೂಳೆಲ್ಲ ಮೇಲಿನ ಹೊಂಡಗಳಲ್ಲೇ ತಂಗಿ ಕೆಳಗೆ ತಿಳಿನೀರು ಬರುತ್ತದೆ. ರಾಜರು ಕುಡಿದು ಮಿಕ್ಕ ನೀರು ಸಂತೆಗೆ ಬಂದವರಿಗೂ ಸಿಗಬೇಕು ಅನ್ನುವ ಲೆಕ್ಕ ಅದು. ಪಂಪು ಇಲ್ಲ, ಪೈಪು ಇಲ್ಲ, ಇಳಿಜಾರು ಒಂದೇ ಬಂಡವಾಳ.

ಬೆಂಗಳೂರಿನಲ್ಲಿ ಟ್ಯಾಂಕರ್‌ಗೆ ಫೋನ್ ಮಾಡಿ ಕಾಯುವ ನಿಮಗೆ ಇದು ಕನ್ನಡಿ ಕೆಲಸಕ್ಕಿಂತ ಕಡಿಮೆ ಅನ್ನಿಸುತ್ತದಾ? ನಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ದುರ್ಗದ ಮನೆಗಳಿಗೂ ನಲ್ಲಿ ನೀರಿನ ಸರದಿ ಇದೆ. ನಲ್ಲಿ ಕೈಕೊಟ್ಟ ದಿನ ನಮ್ಮಮ್ಮ ಕೋಟೆ ಕಡೆ ಕೈ ತೋರಿಸಿ ‘ಅವರೇ ವಾಸಿ’ ಅನ್ನುತ್ತಿದ್ದರು.

ಅರಮನೆ ಎಲ್ಲಿ ಅಂದಿರಿ. ಅರಮನೆ ಇತ್ತು. ಒಳಗೆ ಎತ್ತರದ ಮಣ್ಣಿನ ಗೋಡೆಗಳು ನಿಂತಿವೆ, ಬಹಳ ಜನ ಅದನ್ನು ಪಾಳು ಮನೆ ಅಂದುಕೊಂಡು ದಾಟಿ ಹೋಗುತ್ತಾರೆ. ಹತ್ತಿರ ಹೋಗಿ ನೋಡಿ. ಬರೀ ಮಣ್ಣು. ಸೂರು ಹೋಗಿ ಇನ್ನೂರು ವರ್ಷದ ಮೇಲಾಯಿತು, ಅಷ್ಟೂ ವರ್ಷದ ಮಳೆ ತಲೆ ಮೇಲೆ ಬಿದ್ದಿದೆ, ಇನ್ನೂ ಕುಸಿದಿಲ್ಲ. ಕಲ್ಲು ಉಳಿಯುವುದು ದೊಡ್ಡದಲ್ಲ ಸಾರ್, ಮಣ್ಣು ಉಳಿದಿದೆ ನೋಡಿ. ಅಲ್ಲೇ ಟಂಕಸಾಲೆ ಇದೆ, ನಾಣ್ಯ ಹೊಡೆಯುತ್ತಿದ್ದ ಜಾಗ. ಹಳೆಯ ಮುರುಘಾಮಠ ಇದೆ. ಎಣ್ಣೆಗೆ ಒಂದು ಕೊಳ, ತುಪ್ಪಕ್ಕೆ ಒಂದು ಕೊಳ. ಅಡುಗೆಮನೆ ಲೆಕ್ಕ ಸರಿ ಇಲ್ಲದವರು ಕೋಟೆ ಕಾಯಲು ಆಗುವುದಿಲ್ಲ ಅಂತ ದುರ್ಗ ಆಳಿದ ನಾಯಕರಿಗೆ ಗೊತ್ತಿತ್ತು.

ಪ್ರಶ್ನೆ: ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬನ ಹಲ್ಲು ಇದೆಯಂತೆ. ನಿಜಾನಾ? (ಹೊಳಲ್ಕೆರೆ)

ಉತ್ತರ: ಹಲ್ಲು ಅಂತ ತೋರಿಸುವುದು ನಿಜ. ಯಾರ ಹಲ್ಲು ಅಂತ ಹಿಡಿಂಬನನ್ನೇ ಕೇಳಬೇಕು, ಭೀಮ ಅವನನ್ನು ಉಳಿಸಲಿಲ್ಲ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು. ನಮ್ಮ ಕ್ಲಾಸಿನ ಹುಡುಗರು ಓಬವ್ವ ಬರೀ ಕಥೆ, ಒಬ್ಬ ಹೆಂಗಸು ಅಷ್ಟು ಜನರನ್ನು ಹೊಡೆಯೋಕೆ ಆಗಲ್ಲ ಅಂತಾರೆ. ಏನು ಉತ್ತರ ಕೊಡಲಿ? (ಚಳ್ಳಕೆರೆ)

ಉತ್ತರ: ಉತ್ತರ ಕೊಡಬೇಡ. ಅವರನ್ನು ಕಿಂಡಿಯ ಹತ್ತಿರ ಕರೆದುಕೊಂಡು ಹೋಗು. ಅವರಲ್ಲಿ ಜಾಸ್ತಿ ಮಾತಾಡುವವನನ್ನು ‘ನೀನು ಆ ಕಡೆಯಿಂದ ತೂರಿ ಬಾ’ ಅನ್ನು. ತಲೆ ಮೊದಲು ಬರಬೇಕು, ಎರಡೂ ಕೈ ನೆಲಕ್ಕೆ ಊರಿರಬೇಕು, ಬೆನ್ನು ಬಗ್ಗಿರಬೇಕು. ಹಿಂದೆ ಬರುವವನಿಗೆ ಮುಂದೆ ಏನಾಯಿತು ಅಂತ ಕಾಣುವುದಿಲ್ಲ. ಅವನು ತಲೆ ಹೊರಗೆ ಹಾಕಿದಾಗ ನೀನು ಪಕ್ಕದಲ್ಲಿ ಕೈಯಲ್ಲಿ ಒಂದು ಚಾಕ್‌ಪೀಸ್ ಹಿಡಿದು ನಿಂತಿರು. ಅವನ ನೆತ್ತಿ ಮುಟ್ಟು. ಸಾಕು, ಇನ್ನು ವಾದ ಬೇಡ.

ಹೈದರಾಲಿಯ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದ್ದ ಕಾಲ. ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆ ಬಂದಿದ್ದ. ಅವನ ಹೆಂಡತಿ ಓಬವ್ವ ನೀರಿಗೆ ಹೋದಾಗ ಕಿಂಡಿಯ ಆಚೆ ಸದ್ದು ಕೇಳಿತು. ಉಣ್ಣುತ್ತಿದ್ದವನನ್ನು ಎಬ್ಬಿಸದೆ ಒನಕೆ ತಂದಳು. ಹೀಗೆ ಬಾಯಿಂದ ಬಾಯಿಗೆ ಬಂದಿದೆ ಈ ಕಥೆ. ನನಗೆ ಇದರಲ್ಲಿ ಇಷ್ಟವಾಗುವುದು ಒನಕೆಯೇ. ಕತ್ತಿ ಹುಡುಕಿಕೊಂಡು ಹೋಗಲಿಲ್ಲ. ದಿನಾ ಭತ್ತವೋ ರಾಗಿಯೋ ಕುಟ್ಟಿ ಕೈಗೆ ಪಳಗಿದ್ದನ್ನೇ ಎತ್ತಿಕೊಂಡಳು. ಒಂದೇ ಜಾಗಕ್ಕೆ, ಒಂದೇ ಏಟು, ಮತ್ತೆ ಮತ್ತೆ. ಕುಟ್ಟುವವರಿಗೆ ಅದು ಹೊಸ ಕೆಲಸವಲ್ಲ. ಹತ್ತಿರದಲ್ಲೇ ತಣ್ಣೀರು ದೋಣಿ ಇದೆ, ಅವಳು ನೀರಿಗೆ ಬಂದದ್ದು ಅಲ್ಲಿಗೇ ಅಂತಾರೆ. ನೋಡು, ಇಲ್ಲೂ ಕಥೆ ಶುರುವಾಗುವುದು ನೀರಿನಿಂದಲೇ.

ಅಂದ ಹಾಗೆ ಕೋಟೆ ಕೊನೆಗೆ 1779ರಲ್ಲಿ ಹೈದರಾಲಿಯ ಕೈಗೆ ಹೋಯಿತು. ಮದಕರಿ ನಾಯಕನನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಗೆದ್ದ ಕಥೆ ಹೇಳುವಾಗ ಇದನ್ನೂ ಹೇಳಬೇಕು, ಇಲ್ಲದಿದ್ದರೆ ನಿನ್ನ ಕ್ಲಾಸಿನ ಹುಡುಗರು ಅದನ್ನೇ ಹಿಡಿದು ಕೇಳುತ್ತಾರೆ. ಈಗ ನವೆಂಬರ್ 11ನ್ನು ಸರ್ಕಾರವೇ ಓಬವ್ವನ ಜಯಂತಿ ಅಂತ ಆಚರಿಸುತ್ತದೆ. ಆ ದಿನ ಭಾಷಣ ಮಾಡುವ ಸರದಿ ನಿನಗೆ ಬಂದರೆ ‘ವೀರವನಿತೆ’ ಅನ್ನುವ ಪದವನ್ನು ಹತ್ತು ಸಲ ಹೇಳುವ ಬದಲು ಒನಕೆಯ ತೂಕ ಎಷ್ಟಿರುತ್ತದೆ ಅಂತ ಅಜ್ಜಿಯನ್ನು ಕೇಳಿ ಹೇಳು.

ಪ್ರಶ್ನೆ: ನನ್ನ ಮಗ ಫ್ರೆಂಡ್ಸ್ ಜೊತೆ ಹೋಗಿ ಬಂಡೆ ಮೇಲೆ ತನ್ನ ಹೆಸರು, ಪಕ್ಕದಲ್ಲಿ ಹೃದಯ, ಇನ್ನೊಂದು ಹೆಸರು ಕೆತ್ತಿ ಬಂದಿದ್ದಾನೆ. ಫೋಟೋ ನೋಡಿ ಗೊತ್ತಾಯಿತು. ಏನಾದರೂ ಕೇಸ್ ಆಗುತ್ತದಾ? (ಊರು ಬೇಡ)

ಉತ್ತರ: ಆಗಬಹುದು. 1958ರ ಪುರಾತನ ಸ್ಮಾರಕಗಳ ಕಾಯಿದೆ ಪ್ರಕಾರ ಇದು ಅಪರಾಧ. 2010ರ ತಿದ್ದುಪಡಿ ಆದಮೇಲೆ ಎರಡು ವರ್ಷದ ತನಕ ಜೈಲು, ಒಂದು ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ. ಮಗನಿಗೆ ಈ ಸಾಲನ್ನು ಓದಿಸಿ. ಆ ಇನ್ನೊಂದು ಹೆಸರಿನ ಹುಡುಗಿಯ ಅಪ್ಪನೂ ಕೋಟೆಗೆ ವಾಕಿಂಗ್ ಬರುವವರಾಗಿರಬಹುದು ಅಂತಲೂ ಹೇಳಿ, ಕಾಯಿದೆಗಿಂತ ಅದು ಬೇಗ ನಾಟುತ್ತದೆ. ಹಾಗಂತ ಅಳಿಸಲು ಹೋಗಿ ಇನ್ನಷ್ಟು ಕೆರೆದು ಬರಬೇಡಿ, ಅದೂ ತಪ್ಪೇ.

ಬುದ್ಧಿ ಹೇಳುವ ನಾನು ಏನು ಸಾಚಾ ಅಲ್ಲ. ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಮಂಟಪದ ಕಂಬದ ಮೇಲೆ ಇದ್ದಲಿನಲ್ಲಿ ನನ್ನ ಹೆಸರು, ರೋಲ್ ನಂಬರ್ ಸಮೇತ ಬರೆದಿದ್ದೆ. ರೋಲ್ ನಂಬರ್ ಬರೆದದ್ದರಿಂದ ಮೇಷ್ಟರಿಗೆ ಹುಡುಕುವ ಕಷ್ಟ ಇರಲಿಲ್ಲ.

ಪ್ರಶ್ನೆ: ದಾವಣಗೆರೆ ಜಿಲ್ಲೆಯಲ್ಲಿ ಕೋಟೆಯೇ ಇಲ್ವಾ? ಯಾವಾಗಲೂ ದುರ್ಗ ದುರ್ಗ ಅಂತೀರಿ. (ಯುವಕ, ದಾವಣಗೆರೆ)

ಉತ್ತರ: ಯಾಕೆ ಜಗಳ? 1997ರ ತನಕ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ನಮ್ಮ ಕೋಟೆ ಅಂದರೆ ನಿಮ್ಮದೂ ಹೌದು. ಆದರೂ ಕೇಳಿದಿರಿ ಅಂತ ಹೇಳುತ್ತೇನೆ. ಚನ್ನಗಿರಿಯಲ್ಲಿ ಊರಿನ ತಲೆ ಮೇಲೆಯೇ ಕೋಟೆ ಗುಡ್ಡ ಇದೆ, ಸಂಜೆ ಹತ್ತಿ ಇಳಿಯುವಷ್ಟು. ಊರಿನ ಹೆಸರು ಕೆಳದಿಯ ರಾಣಿ ಚೆನ್ನಮ್ಮನದು. ಅದೇ ತಾಲ್ಲೂಕಿನ ಬಸವಾಪಟ್ಟಣದಲ್ಲೂ ಹಳೆಯ ಕೋಟೆ ಇದೆ. ಆ ಕಡೆ ಹೋದವರು ಸಂತೇಬೆನ್ನೂರಿನ ಪುಷ್ಕರಣಿ ನೋಡದೆ ಬಂದರೆ ನಾನು ಮಾತು ಬಿಡುತ್ತೇನೆ. ನಡುನೀರಿನಲ್ಲಿ ಮಂಟಪ, ಸುತ್ತ ಮೆಟ್ಟಿಲು. ಬೆಳಿಗ್ಗೆ ಗಾಳಿ ಇಲ್ಲದ ಹೊತ್ತಿನಲ್ಲಿ ಮಂಟಪ ಎರಡಾಗಿ ಕಾಣುತ್ತದೆ.

ಇನ್ನು ಮಾಯಕೊಂಡ. ನಿಮ್ಮ ತಾಲ್ಲೂಕಿನದ್ದೇ, ಬಸ್ಸಿನಲ್ಲಿ ನೂರು ಸಲ ದಾಟಿರುತ್ತೀರಿ. 1748ರಲ್ಲಿ ಅಲ್ಲಿ ನಡೆದ ಯುದ್ಧದಲ್ಲಿ ಚಿತ್ರದುರ್ಗದ ಮದಕರಿ ನಾಯಕ ಸತ್ತ. ಓಬವ್ವನ ಕಾಲದ ಮದಕರಿಯಲ್ಲ, ಅವನಿಗಿಂತ ಹಿಂದಿನವನು. ನಮ್ಮಲ್ಲಿ ಎಲ್ಲ ಮದಕರಿಗಳನ್ನೂ ಒಬ್ಬನೇ ಮಾಡಿಬಿಡುವ ಅಭ್ಯಾಸ ಇದೆ. ನೋಡಲು ಕೋಟೆ ಕೊತ್ತಲ ಹುಡುಕಬೇಡಿ, ಆದರೆ ಆ ಬಯಲಿನಲ್ಲಿ ಬಸ್ಸು ನಿಂತಾಗ ಒಂದು ಸಲ ಕಿಟಕಿಯಾಚೆ ನೋಡಿ.

ಉಚ್ಚಂಗಿದುರ್ಗವನ್ನು ಕೊನೆಗೆ ಇಟ್ಟುಕೊಂಡಿದ್ದೆ. ಆ ಗುಡ್ಡ ಇದ್ದಲ್ಲೇ ಇದೆ, ಜಿಲ್ಲೆ ಮಾತ್ರ ಬದಲಾಗುತ್ತಲೇ ಇದೆ. ಅದಿರುವ ಹರಪನಹಳ್ಳಿ ತಾಲ್ಲೂಕು ಮೊದಲು ಬಳ್ಳಾರಿ, 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, ಈಗ ವಿಜಯನಗರ. ಗುಡ್ಡದ ದೇವಿ ಉಚ್ಚಂಗೆಮ್ಮ ಇದಕ್ಕೆಲ್ಲ ತಲೆ ಕೆಡಿಸಿಕೊಂಡಿಲ್ಲ, ಭರತ ಹುಣ್ಣಿಮೆಗೆ ದಾವಣಗೆರೆಯವರು ಹೋಗುವುದೂ ನಿಂತಿಲ್ಲ. ವಯಸ್ಸಿನಲ್ಲಿ ಉಚ್ಚಂಗಿ ನಾಯಕರ ದುರ್ಗಕ್ಕಿಂತ ಹಿರಿಯಣ್ಣ. ನೊಳಂಬರು, ಆಮೇಲೆ ಉಚ್ಚಂಗಿಯ ಪಾಂಡ್ಯರು ಅಲ್ಲಿಂದ ಆಳಿದರು. ಆ ಕೋಟೆ ಗೆದ್ದ ಹೊಯ್ಸಳರ ಇಮ್ಮಡಿ ಬಲ್ಲಾಳನಿಗೆ ‘ಗಿರಿದುರ್ಗಮಲ್ಲ’ ಅನ್ನುವ ಬಿರುದೂ ಇತ್ತು, ಗುಡ್ಡದ ಕೋಟೆಗಳ ಜಟ್ಟಿ ಅಂದ ಹಾಗೆ. ಜಾತ್ರೆ ದಿನ ಬಿಟ್ಟು ಬೇರೆ ದಿನ ಹೋಗಿ, ಕೋಟೆ ಕಾಣುತ್ತದೆ. ಜಾತ್ರೆ ದಿನ ಹೋದರೆ ಜನ ಕಾಣುತ್ತಾರೆ. ಎರಡೂ ನೋಡುವಂಥದ್ದೇ. ನಮ್ಮ ದುರ್ಗದ ಕೆಳಕೋಟೆಯಲ್ಲೂ ಉಚ್ಚಂಗಿಯಮ್ಮನ ಗುಡಿ ಇದೆ. ಅಕ್ಕನ ಮನೆ ಅಲ್ಲಿ, ತಂಗಿ ಮನೆ ಇಲ್ಲಿ ಅಂದುಕೊಳ್ಳಿ.

ಪ್ರಶ್ನೆ: 2025ರಲ್ಲಿ ಮರಾಠರ ಕೋಟೆಗಳಿಗೆ ಯುನೆಸ್ಕೊ ಪಟ್ಟಿಯಲ್ಲಿ ಜಾಗ ಸಿಕ್ಕಿತು. ತಮಿಳುನಾಡಿನ ಜಿಂಜಿಯೂ ಅದರಲ್ಲಿದೆ. ನಮ್ಮ ದುರ್ಗ ಯಾಕಿಲ್ಲ? (ಉಪನ್ಯಾಸಕಿ, ಚಿತ್ರದುರ್ಗ)

ಉತ್ತರ: ಅದು ಮರಾಠರ ಸೈನಿಕ ವ್ಯವಸ್ಥೆ ಅಂತ ಒಂದೇ ದಾರದಲ್ಲಿ ಪೋಣಿಸಿದ ಪಟ್ಟಿ ಮೇಡಂ. ಹನ್ನೆರಡು ಕೋಟೆ, ಹನ್ನೊಂದು ಮಹಾರಾಷ್ಟ್ರದ್ದು, ಒಂದು ಜಿಂಜಿ. ಆ ದಾರಕ್ಕೆ ನಮ್ಮ ಮಣಿ ಸೇರುವುದಿಲ್ಲ. ನಮ್ಮದೇ ದಾರ ಹೊಸೆಯಬೇಕು. ನನ್ನನ್ನು ಕೇಳಿದರೆ ‘ಏಳು ಸುತ್ತು, ಎಷ್ಟು ಬಾಗಿಲು, ಎಷ್ಟು ಬತೇರಿ’ ಅಂತ ಲೆಕ್ಕ ಒಪ್ಪಿಸುವುದಕ್ಕಿಂತ ಈ ಹೊಂಡಗಳ ಸರಪಳಿಯನ್ನು ಮೇಲಿನಿಂದ ಸಂತೆಹೊಂಡದ ತನಕ ಒಂದೇ ಅಂತ ತೋರಿಸಿದರೆ ನಮ್ಮ ವಾದಕ್ಕೆ ಬಲ ಬರುತ್ತದೆ. ಆದರೆ ಅದಕ್ಕೆ ಮುಂಚೆ ಕೆಳಗಿನ ಹೊಂಡಗಳಿಗೆ ಪ್ಲಾಸ್ಟಿಕ್ ಚೀಲ ಎಸೆಯುವುದನ್ನು ನಾವು ನಿಲ್ಲಿಸಬೇಕು. ಯುನೆಸ್ಕೊದವರು ಮೇಲಿಂದ ಇಳಿದು ಅಲ್ಲಿಗೂ ಬರುತ್ತಾರೆ.

ಪ್ರಶ್ನೆ: ಫೋಟೋಗ್ರಾಫರ್. ಯಾವ ತಿಂಗಳು, ಯಾವ ಹೊತ್ತು ಒಳ್ಳೆಯದು? ಡ್ರೋನ್ ತರಬಹುದಾ? (ಶಿವಮೊಗ್ಗ)

ಉತ್ತರ: ಸೆಪ್ಟೆಂಬರ್‌ನಿಂದ ಡಿಸೆಂಬರ್. ಹೊಂಡಗಳಲ್ಲಿ ನೀರಿರುತ್ತದೆ, ಬಂಡೆ ಸಂದಿಯಲ್ಲೆಲ್ಲ ಹಸಿರು. ಬಿಸಿಲು ಏರುವ ಮುಂಚಿನ ಒಂದೂವರೆ ಗಂಟೆ, ಇಳಿದ ಮೇಲಿನ ಒಂದು ಗಂಟೆ. ಮೇಲಿಂದ ಜೋಗಿಮಟ್ಟಿ ಕಡೆ ಗಾಳಿಯಂತ್ರಗಳ ಸಾಲು ಕಾಣುತ್ತದೆ. ಕೆಲವರು ಅದನ್ನು ಫ್ರೇಮಿನಿಂದ ತಪ್ಪಿಸಲು ಒದ್ದಾಡುತ್ತಾರೆ. ನನಗಂತೂ ಹಳೇ ಬತೇರಿಯ ಹಿಂದೆ ಆ ರೆಕ್ಕೆ ತಿರುಗುವುದು ಚೆನ್ನಾಗಿಯೇ ಕಾಣುತ್ತದೆ, ಗಾಳಿಗೆ ಕಾವಲು ಕೂತ ಹಾಗೆ.

ಡ್ರೋನ್ ಅನುಮತಿ ಇಲ್ಲದೆ ತರಬೇಡಿ, ಕೇಂದ್ರದ ಪುರಾತತ್ವ ಇಲಾಖೆಯ ಜಾಗ ಅದು. ಮತ್ತೆ ರೀಲ್ಸ್ ಹುಡುಗರಿಗೆ ಒಂದು ಮಾತು: ಹಗ್ಗವಿಲ್ಲದೆ ಕೋಟೆ ಗೋಡೆ ಹತ್ತುವ ಜ್ಯೋತಿರಾಜ್‌ರನ್ನು ನೋಡಿ ಚಪ್ಪಾಳೆ ತಟ್ಟಿ, ಅಷ್ಟೇ. ಅವರು ಹತ್ತಿದ ಗೋಡೆಗೆ ನೀವು ಕೈ ಹಾಕಬೇಡಿ.

ಪ್ರಶ್ನೆ: ಗೈಡ್ ಬೇಕಾ, ಬೋರ್ಡ್ ಓದಿಕೊಂಡು ಹೋದರೆ ಸಾಲದಾ? (ತುಮಕೂರು)

ಉತ್ತರ: ಬೇಕು. ಒಂದೊಂದು ಜಾಗಕ್ಕೂ ಒಬ್ಬೊಬ್ಬ ಗೈಡ್ ಒಂದೊಂದು ಕಥೆ ಹೇಳುತ್ತಾರೆ, ಅಕ್ಕ-ತಂಗಿ ಹೊಂಡದ ಹೆಸರಿಗೇ ನಾನು ಎರಡು ಮೂರು ಕಥೆ ಕೇಳಿದ್ದೇನೆ. ಆದರೆ ಮೊದಲ ಬಾಗಿಲ ಗೋಡೆಯ ಮೇಲೆ ಹೆಡೆ ಬಿಚ್ಚಿದ ಹಾವಿನ ಕೆತ್ತನೆ ಎಲ್ಲಿದೆ, ಯಾವ ಬಂಡೆ ಆನೆ ಥರ ಕಾಣುತ್ತದೆ, ಯಾವ ಮೆಟ್ಟಿಲು ಜಾರುತ್ತದೆ ಅನ್ನುವುದು ಅವರಿಗೇ ಗೊತ್ತು. ದುಡ್ಡು ಮೊದಲೇ ಮಾತಾಡಿಕೊಳ್ಳಿ. ಒಂದು ಸಲ ನಾನೇ ದೊಡ್ಡ ಗೈಡ್ ಅಂತ ಮೈಸೂರಿನ ನೆಂಟರನ್ನು ಒಳದಾರಿಯಲ್ಲಿ ಕರೆದುಕೊಂಡು ಹೋಗಿ, ಸೀತಾಫಲದ ಪೊದೆಯೊಳಗೆ ದಾರಿ ತಪ್ಪಿ, ಕೊನೆಗೆ ಕುರಿ ಕಾಯುವ ಹುಡುಗನೊಬ್ಬ ನಮ್ಮನ್ನು ಹೊರಗೆ ಬಿಟ್ಟ. ದುರ್ಗದವನು ಅಂತ ಮಾತ್ರ ಅವನ ಮುಂದೆ ಹೇಳಲಿಲ್ಲ.

ಪ್ರಶ್ನೆ: ಕೋಟೆ ಮುಗಿದ ಮೇಲೆ ಮಧ್ಯಾಹ್ನ ಎಲ್ಲಿಗೆ? (ಹುಬ್ಬಳ್ಳಿ)

ಉತ್ತರ: ಚಂದ್ರವಳ್ಳಿ. ಊರಿಗೆ ಅಂಟಿಕೊಂಡೇ ಇದೆ. ಕೆರೆ, ಅದರ ಪಕ್ಕದಲ್ಲಿ ಭೈರವೇಶ್ವರ ಗುಡಿ, ಗುಡಿಯ ಬಳಿ ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನ. ಶಾಸನ ಏನಂತ ಗೊತ್ತಾ? ಕೆರೆ ಕಟ್ಟಿಸಿದ ವಿಷಯ. ನಾಯಕರಿಗಿಂತ ಸಾವಿರ ವರ್ಷಕ್ಕೂ ಮೊದಲು ಈ ಜಾಗದಲ್ಲಿ ರಾಜನೊಬ್ಬ ಕಲ್ಲಿನ ಮೇಲೆ ಬರೆಸಿದ್ದು ನೀರಿನ ವಿಷಯವನ್ನೇ. ಅದರ ಮುಂದೆ ನಿಂತಾಗ ನಾನು ಮೇಲೆ ಹೇಳಿದ ಹೊಂಡದ ಪುರಾಣ ನೆನಪು ಮಾಡಿಕೊಳ್ಳಿ. ಇಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ಮಾಡಿಸಿದರು. ಶಾತವಾಹನರ ನಾಣ್ಯ ಸಿಕ್ಕಿದೆ, ದೂರದ ರೋಮಿನ ನಾಣ್ಯವೂ ಸಿಕ್ಕಿದೆ. ಅಂಕಲಿ ಮಠದ ಗುಹೆಗಳಿಗೆ ಟಾರ್ಚ್ ತೆಗೆದುಕೊಂಡು ಹೋಗಿ, ಮೊಬೈಲ್ ಬೆಳಕು ಸಾಲುವುದಿಲ್ಲ. ಒಳಗೆ ತಂಪು. ಬೇಸಿಗೆ ಮಧ್ಯಾಹ್ನ ಅಲ್ಲಿಂದ ಹೊರಗೆ ಬರಲು ಮನಸ್ಸಾಗುವುದಿಲ್ಲ.

ಪ್ರಶ್ನೆ: ತಿಂಡಿ ಒಳಗೆ ತಿನ್ನಬಹುದಾ? (ಜಗಳೂರು)

ಉತ್ತರ: ಕೋತಿಗಳ ಅನುಮತಿ ಬೇಕು. ಹೊರಗೆ ಬಂದು ಮಂಡಕ್ಕಿ, ಮೆಣಸಿನಕಾಯಿ ತಿನ್ನಿ, ಜಗಳ ಇಲ್ಲ.

ಪ್ರಶ್ನೆ: ನಾನು ದುರ್ಗದಲ್ಲಿ ಓದಿದವನು, 1974ರಲ್ಲಿ ಕೆಲಸಕ್ಕೆ ಅಂತ ಊರು ಬಿಟ್ಟೆ. ಮನೆಯಲ್ಲಿ ಜಾಗ ಇಲ್ಲದ್ದಕ್ಕೆ ಪರೀಕ್ಷೆ ಹತ್ತಿರ ಬಂದಾಗ ಮೇಲುದುರ್ಗಕ್ಕೆ ಹೋಗಿ ಅಕ್ಕ-ತಂಗಿ ಹೊಂಡದ ಹತ್ತಿರ ಒಂದು ಚಪ್ಪಟೆ ಕಲ್ಲಿನ ಮೇಲೆ ಕೂತು ಓದುತ್ತಿದ್ದೆ. ಬೆನ್ನಿಗೆ ಬಂಡೆಯ ನೆರಳು ಬರುತ್ತಿತ್ತು. ಈಗ ಹತ್ತಲು ಆಗುವುದಿಲ್ಲ. ಆ ಜಾಗ ಹಾಗೇ ಇದೆಯಾ? (ಪುಣೆ)

ಉತ್ತರ: ನಿಮ್ಮ ಪತ್ರ ಬಂದ ಮರುದಿನ ಬೆಳಿಗ್ಗೆ ಹೋಗಿದ್ದೆ. ಹೊಂಡದಲ್ಲಿ ನೀರಿದೆ, ಪಾಚಿ ಕಟ್ಟಿ ಹಸಿರಾಗಿದೆ. ಚಪ್ಪಟೆ ಕಲ್ಲು ಮೂರ್ನಾಲ್ಕು ಇವೆ, ನೆರಳು ಬರುವುದು ಒಂದಕ್ಕೆ ಮಾತ್ರ. ಅದೇ ನಿಮ್ಮದು ಅಂದುಕೊಂಡು ಹತ್ತಿರ ಹೋದೆ. ಖಾಲಿ ಇರಲಿಲ್ಲ. ಹುಡುಗನೊಬ್ಬ ಚಪ್ಪಲಿ ಬಿಟ್ಟು, ಕಾಲು ಮಡಿಸಿಕೊಂಡು, ಪಿಡಿಒ ಪರೀಕ್ಷೆಯ ಗೈಡು ಓದುತ್ತಿದ್ದ. ತಲೆ ಎತ್ತಲಿಲ್ಲ.